ಎಡಗಡೆ ಸೀಟಿನವಳು

ಇಪ್ಪತ್ಮೂರು ವರ್ಷ ಎಡಗಡೆ ಕೂತವಳು ನಾನು.
ಬಿಳಿ ಮಾರುತಿ, ನೆತ್ತಿಯ ಮೇಲೆ ಕೆಂಪು ‘ಎಲ್’,
ಕಾಲಡಿ ನನ್ನದೇ ಒಂದು ಬ್ರೇಕು, ನನ್ನದೇ ಕ್ಲಚ್ಚು.
ಸುಭಾಷ್ ಸರ್ಕಲ್ಲಿನಿಂದ ಕೋಡಿಬಾಗಕ್ಕೆ, ಅಲ್ಲಿಂದ ಮತ್ತೆ ಸರ್ಕಲ್ಲಿಗೆ,
ಎರಡನೇ ಗೇರಿನಲ್ಲಿ ಅರ್ಧ ಕಾರವಾರವನ್ನು ದಾಟಿಸಿದ್ದೇನೆ:
ನರ್ಸಮ್ಮಂದಿರು, ಬ್ಯಾಂಕಿನವರು, ಮದುವೆ ಗೊತ್ತಾದ ಹುಡುಗಿಯರು,
ಆಕಳು ಅಡ್ಡ ಬಂದರೆ ಕಣ್ಣು ಮುಚ್ಚಿಕೊಳ್ಳುವ ಗಣಿತದ ಮಾಸ್ತರು.
ದಿನಕ್ಕೆ ನಾನೂರು ಸಲ ಒಂದೇ ಮಾತು:
ನಿಧಾನ.

ಗಾಡಿ ನಿಂತಿದ್ದು ನೇವಿ ಕಾಲನಿಯಲ್ಲಿ, ಟಾರ್ಪಾಲಿನಡಿ.
ಚೀಫ್ ಇಬೋಮ್ಚಾ ಸಿಂಗ್, ಹಡಗಿನ ಹೊಟ್ಟೆಯಲ್ಲಿ ಎಂಜಿನ್ ಕಾಯುವ ಮನುಷ್ಯ,
ವಿಶಾಖಪಟ್ಟಣಕ್ಕೆ ವರ್ಗ. ಹಗ್ಗ ಬಿಚ್ಚಿ ಎಳೆದ.
ಹಳದಿ ಆಕ್ಟೇವಿಯಾ. ಅರೆದಿಟ್ಟ ಅರಿಶಿನದಂಥ ಹಳದಿ.
ಟರ್ಬೊ, ನೂರೈವತ್ತು ಕುದುರೆ, ಹತ್ತೊಂಬತ್ತು ವರ್ಷ,
ಹಿಂದಿನ ಬಾಗಿಲ ಕೆಳಗೆ ಕಡಲು ಕಚ್ಚಿದ ಗುರುತು.

ಬಸ್ತ್ಯಾಂವನನ್ನು ಕರೆದೊಯ್ದಿದ್ದೆ, ಕಾಜುಬಾಗದ ಗ್ಯಾರೇಜಿನವನನ್ನು.
ಅವನು ಉದ್ದ ಸ್ಕ್ರೂಡ್ರೈವರಿನ ತುದಿ ಎಂಜಿನ್ನಿಗೆ ಊರಿ
ಹಿಡಿಕೆಯನ್ನು ಕಿವಿಗಿಟ್ಟು ಕಣ್ಣು ಮುಚ್ಚಿದ,
ಡಾಕ್ಟರು ಬಸುರಿಯ ಹೊಟ್ಟೆ ಕೇಳುವ ಹಾಗೆ.
ನಾನು ಫ್ರಿಜ್ಜಿನಿಂದ ಕಿತ್ತು ತಂದ ಬಾಳೆಹಣ್ಣಿನಾಕಾರದ ಅಯಸ್ಕಾಂತವನ್ನು
ಮೈಯುದ್ದಕ್ಕೂ ಅಂಟಿಸುತ್ತ ಹೋದೆ.
ಬಲಗಡೆ ಮಡ್‌ಗಾರ್ಡಿನಲ್ಲಿ ಅದು ಅಂಟಲಿಲ್ಲ, ಜಾರಿ ಬಿತ್ತು.
‘ಇಲ್ಲಿ ಲಾಂಬಿ ತುಂಬಿದ್ದಾರೆ’ ಅಂದೆ.
‘ಗೋವಾದಲ್ಲಿ. ಒಂದು ಎಮ್ಮೆ. ತಪ್ಪು ನನ್ನದೇ’ ಅಂದ ಚೀಫ್.
ಎಮ್ಮೆಯ ಮೇಲೆ ಹಾಕಲಿಲ್ಲ ನೋಡಿ, ಅಲ್ಲಿಗೇ ಅರ್ಧ ಒಪ್ಪಿದೆ.
ಬಸ್ತ್ಯಾಂವ ಕೈ ಒರೆಸಿಕೊಂಡ:
‘ಎಂಜಿನ್ ಬರೆಂ ಆಸಾ, ಬಾಯಿ. ಬೆಲ್ಟು ಬದಲಿಸಬೇಕು.
ಪೆಟ್ರೋಲು ಮಾತ್ರ ನೀರು ಕುಡಿದ ಹಾಗೆ ಕುಡೀತದೆ.’

ಹೆದ್ದಾರಿಗೆ ತಂದೆ. ಚೀಫ್ ನನ್ನ ಎಡಕ್ಕೆ.
ಬಲಗಡೆಯಿಂದ ಕಡಲು ಬೇರೆಯೇ ಕಾಣುತ್ತದೆ, ಗೊತ್ತಿರಲಿಲ್ಲ.
ಸುರಂಗದ ಬಾಯಿಗೆ ಬಂದಾಗ ಕಿಟಕಿ ಇಳಿಸಿದೆ,
ಮೂರನೇ ಗೇರು,
ಕಾಲು ಒತ್ತಿದೆ.

ಮೊದಲು ಏನೂ ಆಗಲಿಲ್ಲ, ಒಂದು ಉಸಿರಿನಷ್ಟು ಹೊತ್ತು.
ಆಮೇಲೆ ಬೆನ್ನಿಗೆ ಯಾರೋ ಅಂಗೈ ಇಟ್ಟು ನೂಕಿದರು.
ಬಂಡೆ ಕೊರೆದ ಗೋಡೆ ನಮ್ಮ ಸದ್ದನ್ನೇ ನಮ್ಮ ಮೇಲೆ ಎಸೆಯಿತು,
ದೀಪಗಳೆಲ್ಲ ಸೇರಿ ಒಂದೇ ಗೀಟು.
ಆಗ ಓರೆಗಣ್ಣಿಗೆ ಬಿತ್ತು ಚೀಫನ ಬಲಗಾಲು:
ಮ್ಯಾಟನ್ನು ಒತ್ತುತ್ತಿದೆ, ಇನ್ನೂ ಒತ್ತುತ್ತಿದೆ,
ಅಲ್ಲಿ ಇಲ್ಲದ ಬ್ರೇಕನ್ನು ಹುಡುಕುತ್ತಿದೆ.

ನಗು ತಡೆಯಲಿಲ್ಲ. ಸುರಂಗ ಮುಗಿಯುವವರೆಗೂ ನಕ್ಕೆ.
ಆಚೆ ಬೆಳಕಿಗೆ ಬಂದು, ಬಿಣಗಾದ ಹತ್ತಿರ ಪಕ್ಕಕ್ಕೆ ನಿಲ್ಲಿಸಿದಾಗ
ಅವನು ತನ್ನ ಕಾಲನ್ನೇ ನೋಡುತ್ತ ಹೇಳಿದ:
‘ಇದರಲ್ಲಿ ಈ ಕಡೆ ನಾನು ಕೂತದ್ದು ಇದೇ ಮೊದಲು.’

ಎರಡು ಅರವತ್ತು ಹೇಳಿದ್ದ, ಎರಡು ಮೂವತ್ತೈದಕ್ಕೆ ಇಳಿಯಿತು.
ಒಂಬತ್ತು ವರ್ಷದ ಪಿಗ್ಮಿ, ಐವತ್ತು ನೂರು ಅಂತ ಕಟ್ಟಿದ್ದು.
ಚೀಫನ ಹೆಂಡತಿ ಚಹಾ ಕೊಟ್ಟಳು, ಕೀಲಿಗೊಂಚಲಿನಿಂದ
ಮಗಳ ಸಣ್ಣ ಗೆಜ್ಜೆ ಬಿಚ್ಚಿಟ್ಟುಕೊಂಡಳು.
ಆರ್‌ಟಿಒ ಗುಮಾಸ್ತ, ಅವನಿಗೂ ಕಲಿಸಿದವಳು ನಾನೇ,
ಫಾರ್ಮಿನ ಮೇಲೆ ಕಣ್ಣಾಡಿಸಿ ಕೇಳಿದ, ‘ಸ್ಕೂಲಿಗಾ ಬಾಯಿ?’
‘ಅಲ್ಲ. ನನಗೆ.’
ಅವನು ಠಸ್ಸೆ ಎತ್ತಿದವನು ಒಂದು ಗಳಿಗೆ ಹಾಗೇ ಹಿಡಿದಿದ್ದ.

ಓಣಿಯ ಮಂಜುಳಾಬಾಯಿ ಬಂದು ನೋಡಿ, ‘ರಿಕ್ಷಾದ ಬಣ್ಣ, ಅಲ್ದಾ?’ ಅಂದಳು.
ಹೌದೆಂದೆ. ಸಂಜೆ ಬಕೆಟ್ಟಿನಲ್ಲಿ ನೀರು ತಂದು ಉಪ್ಪು ತೊಳೆದೆ,
ಬಾಗಿಲ ಕೆಳಗಿನ ತುಕ್ಕನ್ನು ಬೆರಳಿಂದ ಮುಟ್ಟಿದೆ. ಉದುರಿತು ಸ್ವಲ್ಪ.

ಸೋಮವಾರ ಬೆಳಿಗ್ಗೆ ಏಳಕ್ಕೆ ಮತ್ತೆ ಮಾರುತಿ.
ಹೊಸ ಹುಡುಗಿ, ಪ್ರಣಿತಾ ಹರಿಕಂತ್ರ, ಮೀನುಪೇಟೆಯ ಏರಿನಲ್ಲಿ
ಮೂರು ಸಲ ಬಂದ್ ಬೀಳಿಸಿದಳು. ಹಿಂದಿನ ಟೆಂಪೋ ಬೊಬ್ಬೆ ಹಾಕುತ್ತಿತ್ತು.
ನನ್ನ ನಾಲಗೆಯ ತುದಿಗೆ ಆ ಮಾತು ಬಂದಿತ್ತು.
ಹೇಳಲಿಲ್ಲ. ಬ್ರೇಕಿನ ಮೇಲಿದ್ದ ಕಾಲನ್ನು
ಒಂದು ಬೆರಳಿನಷ್ಟು ಎತ್ತಿ ಹಿಡಿದೆ,
ಅವಳಿಗೆ ಗೊತ್ತಾಗದ ಹಾಗೆ.